ಕುಂತಿದ್ದಕ್ಕೆ ಪಗಾರ

"ಮಗಳು ಏನ್ ಮಾಡ್ತಾಳ್ರಿ?" ಎಂದು ಯಾರಾದರೂ ಕೇಳಿದರೆ ಅಪ್ಪನಿಗೆ ಮೊದಲು ಕೆಮ್ಮು ಬರುತ್ತಿತ್ತು. ಕೆಮ್ಮು ಮುಗಿದ ಮೇಲೆ "ಮನ್ಯಾಗ ಅದಾಳ್ರಿ" ಎನ್ನುತ್ತಿದ್ದ. ಕೇಳಿದವರು ಅಷ್ಟಕ್ಕೂ ಬಿಡದಿದ್ದರೆ, "ಅದೇನೋ ಮೊಬೈಲ್‌ನಾಗ ಆಡ್ತಾಳ್ರಿ" ಎಂದು ಸೇರಿಸಿ, ಮಾತನ್ನು ಸಂಡೂರು ರಸ್ತೆಯ ಗುಂಡಿಗಳ ಕಡೆಗೆ ಹೊರಳಿಸುತ್ತಿದ್ದ. ಆ ರಸ್ತೆಯಲ್ಲಿ ಗುಂಡಿಗಳಿಗೆ ಬರವಿಲ್ಲವಾದ್ದರಿಂದ ಮಾತು ಸಲೀಸಾಗಿ ಮುಂದುವರಿಯುತ್ತಿತ್ತು.

ನಾನು ಮನೆಯಲ್ಲಿದ್ದೆ ಎಂಬುದೇನೂ ಸುಳ್ಳಲ್ಲ. ಹೊಸಪೇಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೆಳಿಗ್ಗೆ ಹನ್ನೊಂದರಿಂದ ದೀಪ ಹಚ್ಚುವ ಹೊತ್ತಿನ ತನಕ ಕೂತಿರುತ್ತಿದ್ದೆ. ಹೈದರಾಬಾದಿನ ಒಂದು ಕಂಪನಿ ಹೆಣ್ಣುಮಕ್ಕಳ ತಂಡ ಕಟ್ಟಿತ್ತು. ಐದು ಮಂದಿ ಸೇರಿ, ಮೊಬೈಲಿನ ಪರದೆಯ ಮೇಲೆ, ಎದುರು ತಂಡದ ಐದು ಮಂದಿಯನ್ನು ಗುಂಡಿಟ್ಟು ಉರುಳಿಸುವ ಆಟ. ಅದಕ್ಕೆ ಪಂದ್ಯಾವಳಿಗಳಿವೆ, ಪ್ರೇಕ್ಷಕರಿದ್ದಾರೆ, ಜಾಹೀರಾತುಗಳಿವೆ. ನಾನು ಅದರಲ್ಲಿ ತಿಂಗಳ ಪಗಾರದ ಆಟಗಾರ್ತಿ. ಉಳಿದ ನಾಲ್ವರು ನಾಲ್ಕು ಊರುಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಹೀಗೇ ಕೂತಿರುತ್ತಿದ್ದರು, ಮತ್ತು ಅವರ ಅಪ್ಪಂದಿರಿಗೂ ಕೆಮ್ಮು ಬರುತ್ತಿತ್ತಂತೆ.

ಪಗಾರ ಎಷ್ಟೆಂದು ಮೊದಮೊದಲು ಯಾರೂ ಕೇಳಲಿಲ್ಲ. ಒಂದು ಪಂದ್ಯಾವಳಿ ಗೆದ್ದಾಗ ಪತ್ರಿಕೆಯಲ್ಲಿ ನನ್ನ ಫೋಟೊ ಪಕ್ಕ ಬಹುಮಾನದ ಪೂರ್ತಿ ಮೊತ್ತ ಅಚ್ಚಾಗಿತ್ತು. ಊರಿಗೆ ಅಷ್ಟು ಸಾಕಿತ್ತು. ಆ ದುಡ್ಡಿನಲ್ಲಿ ಮೊದಲು ಕಂಪನಿ ತನ್ನ ಪಾಲು ಮುರಿದುಕೊಳ್ಳುತ್ತದೆ, ಆಮೇಲೆ ತೆರಿಗೆ ಹೋಗುತ್ತದೆ, ಮಿಕ್ಕದ್ದು ಐದು ಪಾಲಾಗುತ್ತದೆ ಎಂದು ಬರೆಯಲು ಪತ್ರಿಕೆಯವರಿಗೆ ಜಾಗ ಸಾಕಾಗಿರಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಅಪ್ಪನ ಸ್ನೇಹಿತರೊಬ್ಬರಿದ್ದಾರೆ, ನಾನು ಕಾಕಾ ಎನ್ನುತ್ತೇನೆ. ಅವರು ಪೇಡೆಯ ಡಬ್ಬಿ ಹಿಡಿದುಕೊಂಡು ಬಂದರು. ತಮ್ಮ ಮಗನಿಗೆ ಓದು ತಲೆಗೆ ಹತ್ತುತ್ತಿಲ್ಲ, ಅವನನ್ನೂ ಈ ಲೈನಿಗೆ ಹಚ್ಚಬೇಕೆಂದಿದ್ದೇನೆ ಎಂದರು. ನಾನು ನನ್ನ ಪಗಾರ ಹೇಳಿದೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮ ಗಿರಣ್ಯಾಗ ಚೀಲ ಹೊರೋ ಹಮಾಲ ಇದಕ್ಕಿಂತ ಹೆಚ್ಚು ತಗೋತಾನಲ್ಲವಾ!"

"ಹೌದ್ರಿ ಕಾಕಾ. ಅವ ಚೀಲ ಹೊರ್ತಾನ, ನಾ ಆಡ್ತೀನಿ. ಹೆಚ್ಚುಕಮ್ಮಿ ಆಗೂದ ಅಲ್ಲೇನ್ರಿ?"

"ಅದೂ ಖರೇನ ಬಿಡು" ಎಂದು ಕಾಕಾ ತಲೆಯಾಡಿಸಿದರು. ನನ್ನ ಕುಟುಕು ಪೇಡೆಯ ಜೊತೆಗೇ ಒಳಗಿಳಿದುಹೋಯಿತು. ಅಪ್ಪ ಕೆಮ್ಮುತ್ತ ಕಿಟಕಿಯ ಕಡೆ ನೋಡುತ್ತಿದ್ದ.

ನಾವು ಐವರೂ ಮುಖತಃ ಭೇಟಿಯಾದದ್ದು ಒಂದೇ ಸಲ, ಹಂಪಿಯಲ್ಲಿ. ಜಾಹೀರಾತಿನ ಫೋಟೊಗಳಿಗೆ ಹಳೆಯ ಕಲ್ಲುಗಳು ಚೆನ್ನಾಗಿರುತ್ತವೆ ಎಂದು ತಂಡದ ಮ್ಯಾನೇಜರನಿಗೆ ಯಾರೋ ಹೇಳಿದ್ದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಪ್ಪು ಜೆರ್ಸಿ ತೊಡಿಸಿ, ಕಾದ ಬಂಡೆಗಳ ಮೇಲೆ ಎದೆಯ ಮೇಲೆ ಕೈಕಟ್ಟಿ ನಿಲ್ಲಿಸಿದ. ದಾವಣಗೆರೆ ಕಡೆಯ ಒಂದು ಕುಟುಂಬ ನಮ್ಮನ್ನು ಖೋಖೋ ತಂಡವೆಂದು ತಿಳಿದು ನಮ್ಮೊಂದಿಗೆ ಸೆಲ್ಫಿ ತೆಗೆಸಿಕೊಂಡಿತು. ಆ ಫೋಟೊಗಳು ಒಂದು ತಂಪುಪಾನೀಯ ಮಾರಲು ಹೋದವು. ನಮಗೇನು ಎಂದು ಕೇಳಿದಾಗ ಮ್ಯಾನೇಜರ್ ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ, ನಾವೆಲ್ಲ ಒಂದೇ ಫ್ಯಾಮಿಲಿ, ಇವತ್ತಿನದು ಫ್ಯಾಮಿಲಿ ಟ್ರಿಪ್ ಎಂದುಕೊಳ್ಳಿ ಎಂದ. ಫ್ಯಾಮಿಲಿ ಎಂದರೇನೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು ದುಡಿಯುತ್ತಾಳೆ, ಅವಳಿಗೂ ಪಗಾರವಿಲ್ಲ.

ಇನ್ನು ಅಪ್ಪನ ಕೆಲಸದ ಬಗ್ಗೆ ಹೇಳಬೇಕು. ಅಪ್ಪ ಸಂಡೂರಿನ ಒಂದು ಅದಿರು ಗಣಿಯಲ್ಲಿ ಫೋರ್‌ಮನ್, ಯೂನಿಯನ್ನಿನ ಮುಖಂಡ. ಅವನ ಬದುಕಿನ ದೊಡ್ಡ ಗೆಲುವು ಒಂದು ಬಸ್ಸಿನದು. ಗಣಿಯ ಗೇಟಿನಿಂದ ಮೇಲೆ ಕೆಲಸದ ಜಾಗದ ತನಕ ಕಂಪನಿ ಬಸ್ಸು ಏರಬೇಕು. ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಅಲ್ಲೇ. ಆ ಹೊತ್ತನ್ನು ಕಂಪನಿ ಕೆಲಸದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. "ಗೇಟ್ ದಾಟಿದ ಮ್ಯಾಲ ನಾವು ನಿಮ್ಮ ಮಂದಿ, ಬಸ್ಸಿನ್ಯಾಗ ಕುಂತಿದ್ದೂ ಡ್ಯೂಟಿನ" ಎಂದು ಅಪ್ಪ ಹಟ ಹಿಡಿದ. "ಕುಂತಿದ್ದಕ್ಕೆಲ್ಲ ಪಗಾರ ಕೊಡಾಕ ಬರ್ತೈತೇನ್ರಿ?" ಎಂದು ಗಣಿಯ ಸಾಹೇಬರು ಕೇಳಿದರಂತೆ. ಮುಷ್ಕರವಾಯಿತು, ಬಸ್ಸುಗಳು ಖಾಲಿ ಓಡಾಡಿದವು, ಕೊನೆಗೆ ಸಾಹೇಬರು ಕೊಟ್ಟರು. ಈ ಕಥೆ ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಹೋಳಿಗೆಯ ಜೊತೆ ಬಡಿಸಲ್ಪಡುತ್ತದೆ.

ಹಾಗಾಗಿ ಕಂಪನಿಯಿಂದ ಹೊಸ ಅಗ್ರಿಮೆಂಟು ಬಂದಾಗ ನಾನು ಅದನ್ನು ನೇರ ಅಪ್ಪನ ಮುಂದಿಟ್ಟೆ. ಅವನಿಗೆ ವಾರದ ರಜೆ. ಕನ್ನಡಕ ಹಾಕಿಕೊಂಡು, ಅಭ್ಯಾಸಬಲದಿಂದ ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತ. ಇನ್ನು ಮುಂದೆ ಹುಡುಗಿಯರ ತಂಡಕ್ಕೆ ಪಂದ್ಯ ಇದ್ದ ದಿನಕ್ಕಷ್ಟೇ ಪಗಾರ, ದಿನದಿನದ ಅಭ್ಯಾಸಕ್ಕೆ ಇಲ್ಲ, ಏಕೆಂದರೆ ಅದು ಕಲಿಕೆಯ ಅವಕಾಶ ಎಂದು ಬರೆದಿತ್ತು. ಅದೇ ಕಂಪನಿಯ ಹುಡುಗರ ತಂಡಕ್ಕೆ ತಿಂಗಳ ಪಗಾರ ಹಾಗೇ ಇರುತ್ತದೆ, ಏಕೆಂದರೆ ಅವರ ಪಂದ್ಯಗಳಿಗೆ ನೋಡುವವರು ಹೆಚ್ಚು. ನಮ್ಮ ಪಂದ್ಯಗಳನ್ನು ಮಟಮಟ ಮಧ್ಯಾಹ್ನಕ್ಕೆ ಇಟ್ಟವರು ಯಾರು ಎಂಬುದು ಅಗ್ರಿಮೆಂಟಿನಲ್ಲಿ ಇರಲಿಲ್ಲ. ಅಪ್ಪ ಎಲ್ಲ ಓದಿ, ಒಂದು ಗೀಟೂ ಎಳೆಯದೆ ಪೆನ್ನಿನ ಮುಚ್ಚಳ ಹಾಕಿದ.

"ಆಡೂದು ನಿನಗ ಖುಷಿ ಐತಲ್ಲವಾ. ಖುಷಿಗೆ ಇಷ್ಟರ ಕೊಡ್ತಾರಂದ್ರ ಹೆಚ್ಚಾತು."

"ಹನ್ನೊಂದರಿಂದ ಸಂಜಿತನ ಕುಂದುರ್ತೀನಪ್ಪಾ. ಕುತ್ತಿಗಿ ತಿರುಗಂಗಿಲ್ಲ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೀನಿ. ಇನ್ನೊಂದೆರಡು ವರ್ಷಕ್ಕ ಬೆರಳು ಮಂದ ಆತಂದ್ರ ಹೊರಗ ಹಾಕ್ತಾರ. ಪಿಎಫ್ ಇಲ್ಲ, ಏನಿಲ್ಲ."

"ಅಲ್ಲವಾ, ಕುಂತಿದ್ದಕ್ಕೆಲ್ಲ ಪಗಾರ ಕೊಡಾಕ ಬರ್ತೈತೇನು?"

ಹೇಳಿದ ಮೇಲೆ ಅಪ್ಪನಿಗೇ ಕೇಳಿಸಿರಬೇಕು. "ಬಸ್ಸಿಂದು ಬ್ಯಾರೆ" ಎಂದು ತಾನಾಗಿ ಸೇರಿಸಿದ. ನಾನಿನ್ನೂ ಬಸ್ಸಿನ ಸುದ್ದಿ ಎತ್ತಿರಲೇ ಇಲ್ಲ.

ಅಜ್ಜಿ ಒಳಗಿನ ಕೋಣೆಯಲ್ಲಿ ಸಂಜೆಯ ಪೌಡರ್ ಹಚ್ಚಿಕೊಳ್ಳುತ್ತಿದ್ದಳು. ಅಪ್ಪನ ತಾಯಿ, ಮರಿಯಮ್ಮನಹಳ್ಳಿಯವಳು, ಹರೆಯದಲ್ಲಿ ಊರೂರು ತಿರುಗಿ ನಾಟಕ ಆಡಿದವಳು. ಎಷ್ಟೋ ವರ್ಷದ ಹಿಂದೆ ಬಣ್ಣ ಬಿಟ್ಟರೂ ಸಂಜೆಯಾದರೆ ಮುಖಕ್ಕೆ ಪೌಡರ್ ಹಚ್ಚದೆ ಹೊರಗಿನ ಕೋಣೆಗೆ ಬರುವುದಿಲ್ಲ. ರಾಣಿಯ ಕಿರೀಟ ತೊಟ್ಟ ಅವಳ ಫೋಟೊ ಅವಳ ಕೋಣೆಯಲ್ಲೇ ಇದೆ. ಹೊರಗೆ ಹಾಕಲು ಅಪ್ಪ ಬಿಟ್ಟಿಲ್ಲ. ಶಾಲೆಯಲ್ಲಿ ಅವನನ್ನು ಹುಡುಗರು "ಆಟದಾಕಿ ಮಗ" ಎಂದು ಕಾಡುತ್ತಿದ್ದರಂತೆ. ಆಟ ಎಂಬ ಶಬ್ದ ಅವನ ಗಂಟಲಲ್ಲಿ ಕೆಮ್ಮಾಗಿ ಕೂತದ್ದು ಆಗಲೇ ಇರಬೇಕು. ಇದು ಗೊತ್ತಿದ್ದದ್ದರಿಂದ ನನಗೆ ಅಪ್ಪನ ಮೇಲೆ ಪೂರ್ತಿ ಸಿಟ್ಟಾಗಲು ಬರುತ್ತಿರಲಿಲ್ಲ, ಮತ್ತು ಪೂರ್ತಿ ಸಿಟ್ಟಾಗಲು ಬಾರದ್ದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

"ಲೇ, ನಾ ಆಡಿದ್ದೂ ಆಟನ" ಎಂದಳು ಅಜ್ಜಿ ಬಾಗಿಲಲ್ಲಿ ನಿಂತು. "ಆ ಆಟದಾಗ ನಿನ್ನ ಫೀಜು ಕಟ್ಟೀನಿ. ಆಗ ಬ್ಯಾಡ ಅನ್ನಲಿಲ್ಲ ನೀ."

ಅಪ್ಪ ಎದ್ದು ನೀರು ಕುಡಿಯಲು ಹೋದ. ಅಜ್ಜಿ ನನ್ನ ಪಕ್ಕ ಕೂತು ತನ್ನ ಹಳೆಯ ಕಥೆ ತೆಗೆದಳು. ಒಂದೂರಿನ ಕಂತ್ರಾಟುದಾರ ಮಾತಾಡಿದ ಹಣದಲ್ಲಿ ಅರ್ಧ ಕೊಟ್ಟು, ಉಳಿದದ್ದು ಆಟ ಮುಗಿದ ಮೇಲೆ ಅಂದನಂತೆ. ಅಜ್ಜಿ ಕನ್ನಡಿ ಮುಂದೆ ಕೂತು ಒಂದು ಕೆನ್ನೆಗೆ, ಒಂದು ಕಣ್ಣಿಗೆ, ಅರ್ಧ ತುಟಿಗೆ ಬಣ್ಣ ಹಚ್ಚಿ ಕೈ ತೊಳೆದುಕೊಂಡಳಂತೆ.

"ಅರ್ಧ ರೊಕ್ಕಕ್ಕ ಅರ್ಧ ಮಕ ಅಂದೆ. ಹೊರಗ ಮಂದಿ ಶಿಳ್ಳಿ ಹೊಡ್ಯಾಕತ್ತಿದ್ರು. ಅವ ಓಡಿ ಹೋಗಿ ಹೆಣ್ತಿ ಕಡಿಂದ ಇಸಗೊಂಡು ಬಂದಾ ನೋಡು."

ಈ ಘಟನೆ ಒಮ್ಮೆ ಪಾಪಿನಾಯಕನಹಳ್ಳಿಯಲ್ಲಿ ನಡೆಯುತ್ತದೆ, ಒಮ್ಮೆ ಕಂಪ್ಲಿಯಲ್ಲಿ. ಅಜ್ಜಿಯ ಲಹರಿ ಚೆನ್ನಾಗಿದ್ದರೆ ಎರಡೂ ಕಡೆ ನಡೆಯುತ್ತದೆ. ಆದರೆ ಅರ್ಧ ಮುಖದ ಮಾತು ನನ್ನ ತಲೆಯಲ್ಲಿ ಉಳಿಯಿತು.

ಮರುದಿನ ನಾಲ್ವರಿಗೂ ಹೇಳಿದೆ. ಐವರೂ ಅಗ್ರಿಮೆಂಟಿಗೆ ಸಹಿ ಹಾಕಿ ಕಳಿಸಿದೆವು. ಪಂದ್ಯದ ದಿನಕ್ಕಷ್ಟೇ ಪಗಾರ ತಾನೆ, ಪಂದ್ಯದ ದಿನವಷ್ಟೇ ಬರುತ್ತೇವೆ, ಕಲಿಕೆಯ ಅವಕಾಶವನ್ನು ಸದ್ಯಕ್ಕೆ ಬಳಸಿಕೊಳ್ಳುವುದಿಲ್ಲ ಎಂದು ಕೆಳಗೆ ವಿನಯದಿಂದ ಬರೆದೆವು. ಅದರ ಮಾರನೆಯ ದಿನ ಹನ್ನೊಂದಕ್ಕೆ ಮೊಬೈಲಿನಲ್ಲಿ ಅಭ್ಯಾಸದ ಕೋಣೆ ತೆರೆಯಿತು. ಪರದೆಯ ಮೇಲೆ ಮ್ಯಾನೇಜರನ ಹೆಸರೊಂದೇ ಹೊಳೆಯುತ್ತಿತ್ತಂತೆ. ನಾನು ಮಾಳಿಗೆಯ ಮೇಲೆ ಅಮ್ಮನ ಜೊತೆ ಮೆಣಸಿನಕಾಯಿ ಹರವುತ್ತಿದ್ದೆ.

ಅಪ್ಪನಿಗೆ ಅಂದು ಎರಡನೇ ಪಾಳಿ. ಮೇಲೆ ಬಂದವನು ನನ್ನನ್ನು ಬಿಸಿಲಿನಲ್ಲಿ ಕಂಡು ಗಾಬರಿಯಾದ.

"ಯಾಕವಾ, ಇವತ್ತು ಆಟಿಲ್ಲೇನು?"

"ಹೋಗಂಗಿಲ್ಲಪ್ಪಾ. ಯಾರೂ ಹೋಗಿಲ್ಲ."

"ಐದೂ ಮಂದಿನಾ?"

"ಐದೂ ಮಂದಿ."

"ಒಬ್ಬಾಕೀನೂ ಒಳಗ ಹೋಗಿಲ್ಲ? ಅಂವ ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಫೋನ್ ಮಾಡಿರಬೇಕಲ್ಲ?"

"ಮಾಡ್ಯಾನ. ಯಾರೂ ಎತ್ತಿಲ್ಲ."

ಅಪ್ಪ ಮೆಣಸಿನಕಾಯಿಯ ನಡುವೆಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ನಾನು ಕೂತು ಆಡಿದಷ್ಟೂ ದಿನ ಅದು ಅವನಿಗೆ ಕೆಲಸವಾಗಿ ಕಂಡಿರಲಿಲ್ಲ. ನಿಲ್ಲಿಸಿದ ದಿನ ಕಂಡಿತು. ಚಹಾ ತರಿಸಿಕೊಂಡು, ಪಾಳಿಗೆ ಹೋಗುವ ಮೊದಲು "ಮಾನ್ಯರೇ" ಎಂದು ಶುರುಮಾಡಿ ಅಚ್ಚಗನ್ನಡದಲ್ಲಿ ಬೇಡಿಕೆಗಳನ್ನು ಬರೆದುಕೊಟ್ಟ. ಅಭ್ಯಾಸಕ್ಕೂ ಪಗಾರ, ಹುಡುಗರಿಗೆ ಸಮನಾದ ಪಗಾರ, ಬಹುಮಾನದಲ್ಲಿ ಕಂಪನಿಯ ಪಾಲಿಗೊಂದು ಮಿತಿ. ಕೈ ಓಡುತ್ತಿದ್ದ ಭರದಲ್ಲಿ ಶುದ್ಧ ಕುಡಿಯುವ ನೀರು ಮತ್ತು ಸುರಕ್ಷಾ ಬೂಟುಗಳನ್ನೂ ಕೇಳಿದ್ದ. ಬೂಟುಗಳನ್ನು ತೆಗೆದು, ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ.

ನಾಟಕಕ್ಕೆ ರಾಣಿ ಒಬ್ಬಳೇ, ಅವಳು ಅರ್ಧ ಮುಖದಲ್ಲಿ ಕೂತರೆ ಆಟ ನಿಲ್ಲುತ್ತದೆ. ಇಂಟರ್ನೆಟ್ಟಿನಲ್ಲಿ ರಾಣಿಯರು ಸಾಲುಗಟ್ಟಿ ನಿಂತಿರುತ್ತಾರೆ, ಬಣ್ಣವನ್ನೂ ಮನೆಯಿಂದಲೇ ಹಚ್ಚಿಕೊಂಡು ಬರುತ್ತಾರೆ. ಕಂಪನಿಯಿಂದ ನಾಲ್ಕು ಸಾಲಿನ ಮೇಲ್ ಬಂತು: ಫ್ಯಾಮಿಲಿಯ ಮುಂದಿನ ಪಯಣಕ್ಕೆ ಶುಭವಾಗಲಿ. ವಾರ ಕಳೆಯುವುದರೊಳಗೆ ಕಂಪನಿಯ ಹೊಸ ಫೋಟೊದಲ್ಲಿ ನಮ್ಮ ಜೆರ್ಸಿ ತೊಟ್ಟು ಬೇರೆ ಐವರು ಹುಡುಗಿಯರು ಕೈಕಟ್ಟಿ ನಿಂತಿದ್ದರು. ನಮಗಿಂತ ಚಿಕ್ಕವರು, ಪಂದ್ಯದ ದಿನದ ಪಗಾರಕ್ಕೇ ಖುಷಿಯಿಂದ ಒಪ್ಪಿದವರು. ನನಗೆ ಅವರ ಮೇಲೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ನಾನೂ ಹಾಗೇ ಒಪ್ಪಿದ್ದೆ.

"ಹೊಸಬರು ಚಲೋ ಆಡ್ತಾರೇನು?" ಎಂದು ಅಜ್ಜಿ ಕೇಳಿದಳು.

"ಇಲ್ಲಜ್ಜಿ."

"ಹಂಗಾದ್ರ ಆತು ಬಿಡು" ಎಂದು ಪೌಡರ್ ಡಬ್ಬಿ ಮುಚ್ಚಿದಳು. ಅವಳ ಮಟ್ಟಿಗೆ ಲೆಕ್ಕ ಚುಕ್ತಾ ಆಗಿತ್ತು.

ಅಪ್ಪನಿಗೆ ಆಗಿರಲಿಲ್ಲ. "ನೋಟಿಸಿಲ್ಲ, ವಿಚಾರಣಿ ಇಲ್ಲ, ಹಂಗ ಹೆಂಗ ತಗೀತಾರ?" ಎಂದು ಊಟಕ್ಕೆ ಕೂತಾಗೆಲ್ಲ ರೊಟ್ಟಿ ಹರಿಯುತ್ತ ಗುಡುಗುತ್ತಿದ್ದ. ಯಾರೋ ವಕೀಲರನ್ನು ಕೇಳಿ ಬಂದ. ಆಟಗಾರರನ್ನು ಕಾಯಿದೆಯಲ್ಲಿ ಕೆಲಸಗಾರರೆಂದು ಹಿಡಿಯುವುದು ಕಷ್ಟ ಎಂದು ಅವರೂ ಕೆಮ್ಮಿದರಂತೆ.

ನಾನು ಹಗಲೆಲ್ಲ ಮಲಗಿರುತ್ತಿದ್ದೆ. ಬೆರಳುಗಳು ಮಾತ್ರ ಹನ್ನೊಂದಕ್ಕೆ ಎಚ್ಚರವಾಗಿ ಹಾಸಿಗೆಯ ಮೇಲೆ ತಡವರಿಸುತ್ತಿದ್ದವು. ಅಂಥ ಒಂದು ದಿನ ಕಂಪ್ಲಿಯ ಕಾಕಾ ಮತ್ತೆ ಬಂದರು. ನೀರು ಕುಡಿಯಲು ಇಳಿಯುತ್ತಿದ್ದವಳು ಅವರ ದನಿ ಕೇಳಿ ಮೆಟ್ಟಿಲ ತಿರುವಿನಲ್ಲೇ ನಿಂತೆ.

"ಮಗಳು ಮ್ಯಾಲ ಆಡಾಕತ್ತಾಳೇನಪಾ?"

ನಾನು ಕೆಮ್ಮಿಗಾಗಿ ಕಾದೆ.

"ಇಲ್ಲ" ಎಂದ ಅಪ್ಪ. "ಅಕೀನ ಕೆಲಸದಿಂದ ತಗದಾರ."

"ಕೆಲಸದಿಂದಾ?" ಕಾಕಾ ನಗಲು ಶುರುಮಾಡಿದರು.

"ಮತ್ತೇನು? ಎರಡು ವರ್ಷ ದುಡದಾಳ ನಮ್ಮ ಹುಡುಗಿ" ಎಂದ ಅಪ್ಪ, ಯೂನಿಯನ್ ಸಭೆಯ ದನಿಯಲ್ಲಿ. ಕಾಕಾರ ನಗು ಅಲ್ಲಿಗೇ ನಿಂತಿತು.

ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಎರಡು ವರ್ಷ ಕುಂತಿದ್ದಕ್ಕೆ ನನಗೆ ಪೂರಾ ಸಂದ ಪಗಾರ ಅಪ್ಪನ ಆ ಮಾತೊಂದೇ. ತಡವಾಗಿ ಬಂತು, ಕೆಲಸ ಹೋದ ಮೇಲೆ ಬಂತು, ಆದರೆ ಅದರಲ್ಲಿ ಯಾರೂ ಪಾಲು ಮುರಿದುಕೊಳ್ಳಲಿಲ್ಲ.