ಕಾರಿನ ಕೆಳಗಿನ ಕೆಂಪು

ಜನರನ್ನು ಹೆದರಿಸುವುದರಲ್ಲಿ ನನ್ನನ್ನು ಮೀರಿಸುವವರು ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಜಂಬವಲ್ಲ, ಬೇಕಾದರೆ ನನ್ನ ಬಾಮೈದನನ್ನು ಕೇಳಿ. ಮಗು ಅಳುವ ಸದ್ದು ತುಂಬಿದ ಮೊಬೈಲೊಂದನ್ನು ಅವನ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ದೆ. ಬ್ಯಾಟರಿ ಸತ್ತು ಅಳು ನಿಂತ ಮೇಲೂ ಅವನು ಆ ಮೆದೆಯ ಹತ್ತಿರ ಸುಳಿಯದೆ, ದೇವಲಾಪುರದಿಂದ ಹುಲ್ಲು ಕೊಂಡು ತಂದು ದನಕ್ಕೆ ಹಾಕಿದ.

ಅಂಥ ನಾನು ನನ್ನದೇ ಕಾರಿನ ಕೆಳಗೆ ಬಗ್ಗಿ ನೋಡಲು ಹೆದರಿದ್ದೂ ಉಂಟು. ಅದನ್ನೇ ಹೇಳುತ್ತೇನೆ.

ಕಡೇ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ಅವಳ ಗಂಡನ ಮನೆ ಬೂಕನಕೆರೆ ಹತ್ತಿರ. ಗುರುವಾರ ಎಂದು ಗೊತ್ತಾಗಿತ್ತು. "ಅಪ್ಪ, ನೀನೇ ಬರ್ಬೇಕು. ಬೇರೆಯವ್ರ ಗಾಡಿ ಕಳ್ಸಿದ್ರೆ ನಾನ್ ಅತ್ತಾಕಿಲ್ಲ ನೋಡು," ಎಂದು ಫೋನಿನಲ್ಲಿ ಹಟ ಹಿಡಿದಿದ್ದಳು. ಅವಳು ಬರುತ್ತಾಳೆಂದು ಮನೆಗೆಲ್ಲ ಸುಣ್ಣ ಬಳಿಸಿದೆವು. ಸುಣ್ಣ ಅರಳಿಸಿದ್ದು ಹಳೇ ಕೊಟ್ಟಿಗೆಯಲ್ಲಿ. ಕೆಲಸ ಮುಗಿದ ಮೇಲೆ ಅದನ್ನು ಗುಡಿಸಿ, ಕಾರನ್ನು ಒಳಗೆ ನಿಲ್ಲಿಸಿದೆ. ನಾನೇ ಆರಿಸಿ ತಂದ ಹಳೇ ಕಾರು. ನನ್ನಂತೆಯೇ, ವಯಸ್ಸು ಗೊತ್ತಾಗುವುದಿಲ್ಲ.

ಮಾರನೇ ಬೆಳಿಗ್ಗೆ ಹಿಂದಿನ ಎಡ ಚಕ್ರದ ಪಕ್ಕದಲ್ಲಿ ಅಂಗೈಯಗಲ ಒದ್ದೆ ಇತ್ತು. ಬಣ್ಣವೂ ಇಲ್ಲ, ಏನೂ ಇಲ್ಲ. ನೀರಿರಬೇಕೆಂದು ಕಾಲಿನಿಂದ ಮಣ್ಣು ಎಳೆದೆ. ನನ್ನ ಹೆಂಡತಿಗೆ ಮಾತ್ರ ಅದು ಹಿಡಿಸಲಿಲ್ಲ. ಬಸುರಿ ಹತ್ತುವ ಗಾಡಿ, ಅದರ ಕಾಲಡಿ ಏನೂ ತೊಟ್ಟಿಕ್ಕಬಾರದು ಎಂದವಳು, ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಚಕ್ರಗಳ ಸುತ್ತ ಅರಿಶಿನ ಉದುರಿಸಿ ಕೈಮುಗಿದಳು.

ಬೆಳಗಾದಾಗ ಆ ಜಾಗ ಕೆಂಪಗಿತ್ತು. ಕುಂಕುಮದ ಕೆಂಪಲ್ಲ, ಹಸಿ ಕೆಂಪು.

ಹೆಂಡತಿಯ ಕೂಗು ಕೇಳಿ ಬಾಮೈದ ಪಕ್ಕದ ಮನೆಯಿಂದ ಓಡಿ ಬಂದ. ಬಗ್ಗಿ ನೋಡಿದವನು ನೇರವಾಗಿ ನನ್ನ ಮುಖ ನೋಡಿದ. "ಬಾವ, ಮಗಳ್ ಬರೋ ಗಾಡಿ ಮೇಲೂ ನಿನ್ ಆಟವಾ?"

ಸಿಕ್ಕ ಹೆಸರನ್ನು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. "ಊಂ ಕಣ್ಲಾ, ನಂದೇ. ಎಂಗದೆ?" ಎಂದುಬಿಟ್ಟೆ. ಹೆಂಡತಿ ನನ್ನ ಮನೆತನವನ್ನೆಲ್ಲ ಎತ್ತಿ ಬೈದು, ಆ ಮಣ್ಣು ಕೆರೆದು ಹೊರಗೆಸೆದು, ಸಂಜೆ ಮತ್ತೆ ಅರಿಶಿನ ಹಾಕಿದಳು. ನಾನು ನಗುತ್ತಲೇ ಇದ್ದೆ. ಮಾಡಿದ್ದು ಯಾರಿರಬಹುದು, ಶಿಷ್ಯ ಯಾರಾದರೂ ಹುಟ್ಟಿಕೊಂಡನೋ ಎಂಬ ಖುಷಿ ಬೇರೆ.

ಅಂದು ಕೊಟ್ಟಿಗೆಗೆ ನಾನೇ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಬೆಳಿಗ್ಗೆ ನಾನೇ ತೆಗೆದೆ. ಅದೇ ಜಾಗದಲ್ಲಿ ಅದೇ ಕೆಂಪು, ನಿನ್ನೆಗಿಂತ ಅಗಲ. ಸುಣ್ಣ ಬಳಿದ ಬಿಳೀ ಗೋಡೆಗಳ ನಡುವೆ ಕಾರು ಅಲುಗದೆ ನಿಂತಿತ್ತು. ಹಿಂದೆಯೇ ಬಂದ ನಮ್ಮ ನಾಯಿ ಹೊಸ್ತಿಲಲ್ಲಿ ನಿಂತು, ಮೂಸಿ, ಬಾಲ ಮುದುರಿಕೊಂಡು ಹಿಂದಕ್ಕೆ ಹೋಯಿತು. ನನಗೂ ಹಾಗೇ ಹೋಗಬೇಕೆನಿಸಿತು.

"ಇದು ನಾನ್ ಮಾಡಿದ್ದಲ್ಲ ಕಣೆ," ಎಂದೆ.

"ನಿನ್ನೆ ನಂದೇ ಅಂದೆ?"

"ಸುಮ್ನೆ ಅಂದೆ. ನಿನ್ನಾಣೆ."

"ನನ್ನಾಣೆ ಎಷ್ಟ್ ಸಲ ಇಟ್ಟಿದ್ದೀಯಾ, ನಾನಿನ್ನೂ ಬದ್ಕಿವ್ನಿ ನೋಡು," ಎಂದಳು. ಆದರೆ ನನ್ನ ಮುಖವನ್ನು ಮತ್ತೊಮ್ಮೆ ನೋಡಿದಾಗ ಅವಳ ದನಿ ಇಳಿಯಿತು. "ನೀನ್ ಮಾಡಿಲ್ಲ ಅಂದ್ರೆ ಇನ್ನೂ ಕೆಟ್ಟದ್ದು. ನನ್ ಮಗಳು ಈ ಗಾಡಿ ಅತ್ತದು ಬ್ಯಾಡ."

ಬಾಮೈದ ಕಾದಿದ್ದವನಂತೆ ಹೇಳಿದ: "ನಾನೇ ನನ್ ಗಾಡೀಲಿ ಕರ್ಕಬತ್ತೀನಿ ಬುಡಕ್ಕ. ಬಾವ ಮನೇಲಿ ಕೂತ್ಕಂಡು ನೆಲಕ್ಕೆ ಬಣ್ಣ ಬಳೀಲಿ."

ಬುಧವಾರ ಸಂಜೆಯಾಗುವಷ್ಟರಲ್ಲಿ ನನಗೆ ಹೆದರಿಕೆಗಿಂತ ರೋಷ ಹೆಚ್ಚಾಗಿತ್ತು. ಕಾರಿನಿಂದ ಬೀಳುತ್ತಿರುವುದೇನೆಂದು ಹಿಡಿಯಲೇಬೇಕು. ಚಕ್ರದ ಪಕ್ಕ ನೆಲಕ್ಕೆ ಖಾಲಿ ಗೊಬ್ಬರದ ಚೀಲ ಹಾಸಿ, ಅದರ ಮೇಲೆ ನನ್ನ ಮಡಿ ಮಾಡಿದ ಬಿಳೀ ಪಂಚೆಯನ್ನು ಉದ್ದಕ್ಕೆ ಹರಡಿದೆ. ಹೆಂಡತಿ ದೀಪ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಯಾರ್ನ ಮಲುಗ್ಸಕ್ಕೆ ಆಸಿದ್ದೀಯಾ ಅದ್ನ?"

ಆಗ ನಾನೂ ನೋಡಿದೆ. ಕಾರಿನಡಿ ಕಾಲು ಚಾಚಿದ ಹಾಗೆ ಬಿಳೀ ಬಟ್ಟೆ. ಪಂಚೆಯ ತುದಿಯನ್ನು ಒಳಗೆ ಮಡಚಿ ಗಿಡ್ಡ ಮಾಡಿ, ಬೀಗ ಹಾಕಿದೆ.

ಬೆಳಕು ಹರಿಯುವ ಮೊದಲೇ ಎದ್ದು ಹೋದೆ. ಪಂಚೆಯ ಮೇಲೆ ಕೆಂಪಿರಲಿಲ್ಲ. ಹರಳೆಣ್ಣೆಯಂಥ ತಿಳಿ ಕಲೆಯೊಂದಿತ್ತು, ಅಷ್ಟೆ. ಬೆರಳಲ್ಲಿ ಮುಟ್ಟಿದರೆ ಜಾರುತ್ತಿತ್ತು. ಬೆರಳನ್ನು ಪಕ್ಕದ ನೆಲಕ್ಕೆ ಒರೆಸಿದೆ. ನನ್ನ ಕಣ್ಣೆದುರೇ, ನನ್ನ ಬೆರಳ ಕೆಳಗೇ, ನೆಲ ಮೆಲ್ಲಗೆ ಕೆಂಪಾಯಿತು.

ಕೈ ಕಿತ್ತುಕೊಂಡು ಗೋಡೆಗೆ ಒರಗಿದೆ. ಅಂಗೈಗೆ ಸುಣ್ಣ ಮೆತ್ತಿತು. ಆ ಬಿಳಿಯನ್ನೂ ನೆಲದ ಹಳದಿಯನ್ನೂ ನೋಡಿದ ಮೇಲೆ ನನಗೆ ಬಂದ ನಗುವಿಗೆ ಹೆಂಡತಿ ಓಡಿ ಬಂದಳು. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪು! ಮದುಮಕ್ಕಳಿಗೆ ಎತ್ತುವ ಆರತಿಯ ನೀರನ್ನು ಪ್ರತಿ ಮನೆಯಲ್ಲೂ ಹೀಗೇ ಕಲಸುವುದು. ಸುಣ್ಣ ಅರಳಿಸಿದ ನೆಲ ನಮ್ಮದು, ಅರಿಶಿನ ಅವಳದು, ಎರಡನ್ನೂ ನೆನೆಸಿ ಕಲಸಿದ್ದು ಮಾತ್ರ ಕಾರು.

"ನೀನೇ ಆರತಿ ಕಲ್ಸಿದ್ದೀಯಾ ಕಣೆ, ನೀನೇ ಎದ್ರುಕೊಂಡಿದ್ದೀಯಾ!"

"ಸರಿ," ಎಂದಳು ಅವಳು, ನಗದೆ. "ನೆನ್ಸಿದ್ದೇನು?"

ಬಾನೆಟ್ ಎತ್ತಿದೆ. ರೇಡಿಯೇಟರ್ ನೀರು ತುಂಬಿತ್ತು, ಇಂಜಿನ್ ಆಯಿಲ್ ಸರಿಯಿತ್ತು. ಬ್ರೇಕ್ ಆಯಿಲ್‌ನ ಚಿಕ್ಕ ಡಬ್ಬಿಯ ತಳ ಕಾಣುತ್ತಿತ್ತು. ಒಳಗೆ ಕೂತು ಬ್ರೇಕ್ ಒತ್ತಿದೆ. ಕಾಲಿಗೆ ಏನೂ ತಡೆಯಲಿಲ್ಲ. ಕೆಸರಿಗೆ ಕಾಲಿಟ್ಟಂತೆ ಪೆಡಲು ಮೆತ್ತಗೆ, ಸದ್ದಿಲ್ಲದೆ, ಕೊನೆಯವರೆಗೂ ಹೋಯಿತು.

ಬೂಕನಕೆರೆಗೆ ಹೋಗಿಬರುವುದೆಂದರೆ ಮೇಲುಕೋಟೆ ಬೆಟ್ಟ ಹತ್ತಿ ಇಳಿಯಬೇಕು. ಆ ಇಳಿಜಾರಿನ ತಿರುವುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಹಿಂದಿನ ಸೀಟಿನಲ್ಲಿ ಮಗಳು. ನನ್ನ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು, ತೆಗೆಯಲು ಬರಲಿಲ್ಲ. ಬಣ್ಣವಿಲ್ಲದ ಆ ಒದ್ದೆಯನ್ನು ಮಣ್ಣೆಳೆದು ಮುಚ್ಚಿದ್ದವನು ನಾನು. ಅದು ಕೆಂಪಾಗದೆ ಇದ್ದಿದ್ದರೆ ಈ ಹೊತ್ತಿಗೆ ಶಿಳ್ಳೆ ಹಾಕುತ್ತ ಹೊರಟಿರುತ್ತಿದ್ದೆ.

ನಾಗಮಂಗಲದಿಂದ ಮೆಕ್ಯಾನಿಕ್ ಬಂದು ಎಡ ಚಕ್ರ ಬಿಚ್ಚಿ, ಒಳಗೆ ಹರಿದಿದ್ದ ಪುಟ್ಟ ರಬ್ಬರಿನ ಸಮೇತ ಆ ಭಾಗವನ್ನೇ ಬದಲಿಸಿ, ಹೊಸ ಆಯಿಲ್ ತುಂಬಿದ. ಪೆಡಲು ಕಲ್ಲಿನಂತೆ ನಿಂತಿತು. ಊರ ಸುತ್ತ ಓಡಿಸಿ ನೋಡಿ, ಮಧ್ಯಾಹ್ನ ಹೊರಟೆ. ಬೇಡವೆಂದರೂ ಬಾಮೈದ ಪಕ್ಕದಲ್ಲಿ ಕೂತ. ಮಗಳನ್ನು ಕೂರಿಸಿಕೊಂಡು ಹಿಂತಿರುಗುವಾಗ ನಾನು ಪ್ರತಿ ತಿರುವಿಗೂ ಬ್ರೇಕ್ ಒತ್ತುತ್ತಿದ್ದೆ.

"ಏನಪ್ಪ, ಎತ್ತಿನ ಗಾಡಿ ಒಡ್ದಂಗೆ ಒಡೀತಿದ್ದೀಯಾ?" ಎಂದಳು ಮಗಳು.

ಬಾಮೈದ ನನ್ನತ್ತ ನೋಡಿದ. ಅವನಿಗೆ ಎಂಥ ಅವಕಾಶ! ಪುಣ್ಯಾತ್ಮ, ಕಿಟಕಿಯ ಗಾಜು ಇಳಿಸಿ ಹೊರಗೆ ನೋಡತೊಡಗಿದ.

ಬಾಗಿಲಲ್ಲಿ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮಗಳ ಮುಖಕ್ಕೆ ನಿವಾಳಿಸಿ, ಆ ಕೆಂಪು ನೀರನ್ನು ಕಾರಿನ ಮುಂದೆ ಚೆಲ್ಲಿದಳು. ಅದು ಮಣ್ಣಿನಲ್ಲಿ ಹರಿದು ಎಡ ಚಕ್ರದ ಕಡೆಗೇ ಹೋಯಿತು. ನಾನೂ ಅವಳೂ ಅದು ಇಂಗುವವರೆಗೆ ನೋಡುತ್ತ ನಿಂತೆವು.

ಇದೆಲ್ಲ ರಾಸಾಯನಿಕ ಕ್ರಿಯೆ ಎಂದು ಈಗ ಊರಿಗೆಲ್ಲ ಪಾಠ ಹೇಳುತ್ತೇನೆ. ಕಂಡುಹಿಡಿದವನು ನಾನೇ ಎಂದು ಸೇರಿಸುವುದನ್ನು ಮರೆಯುವುದಿಲ್ಲ. ಆದರೆ ಕೊಟ್ಟಿಗೆಯ ನೆಲದಿಂದ ಆ ಸುಣ್ಣವನ್ನು ಕೆರೆಸಿಲ್ಲ. ಅವಳು ಸಂಜೆ ಅರಿಶಿನ ಉದುರಿಸುವುದನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಬೀಗದ ಕೈ ಹಿಡಿದು ಒಳಗೆ ಹೋದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲು ಬಗ್ಗುತ್ತೇನೆ. ಹಳದಿ ಹಳದಿಯಾಗೇ ಇದ್ದರೆ ಮಾತ್ರ ಕಾರಿನ ಬಾಗಿಲು ತೆಗೆಯುತ್ತೇನೆ.