ಕೆಚ್ಚಲು ನೋಡುವ ಕೈ

ಆಪರೇಷನ್ ಆದ ಆರನೆಯ ದಿನ ಬೆಳಿಗ್ಗೆ ನಮ್ಮವರ ಕಾಲು ಬಿಸಿಯಾಗಿತ್ತು.

ತಾರ್ನಾಕದಲ್ಲಿ ಸ್ಕೂಟರ್‌ನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಪ್ಲೇಟ್ ಹಾಕಿದ್ದರು. ನಾನು ಬ್ಯಾಂಡೇಜಿನ ಅಂಚು ಸರಿಸಿ, ಹೊಲಿಗೆಯ ಪಕ್ಕ ಕೈಯ ಹಿಂಬದಿ ಇಟ್ಟು ನೋಡಿದೆ. ದಿನಾ ಹಾಗೇ ನೋಡುತ್ತಿದ್ದೆ.

ಅದು ಕಸುಬಿನ ಚಟ. ಊರಾಚೆಯ ಕುರಿ ಫಾರಂನಲ್ಲಿ ಹಾಲು ಕರೆಯುವವರ ಮೇಲ್ವಿಚಾರಕಿ ನಾನು. ಚೀಸ್ ಮಾಡಲು ಹೋಗುವ ಹಾಲು. ಕರೆಯುವ ಮೊದಲು ಒಂದೊಂದು ಕುರಿಯ ಕೆಚ್ಚಲಿಗೂ ಕೈಯ ಹಿಂಬದಿ ತಾಗಿಸಬೇಕು. ಬಿಸಿಯಿದ್ದರೆ ಕೆಚ್ಚಲುಬಾವು. ಆ ಕುರಿಯನ್ನು ಬೇರೆ ಕಟ್ಟಿ ಕೊನೆಗೆ ಕರೆಯುತ್ತೇವೆ, ಯಾಕೆಂದರೆ ರೋಗ ಹಬ್ಬುವುದು ಕರೆಯುವ ಕೈಯಿಂದಲೇ. ಇದನ್ನು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳಿದವಳು ನಾನು. ಹೇಳಿದವಳೇ ಫಾರಂನಿಂದ ನೇರ ಆಸ್ಪತ್ರೆಗೆ ಬಂದು, ಸೋಪು ಹಚ್ಚಿ ತೊಳೆದಿದ್ದೇನಲ್ಲ ಎಂಬ ಧೈರ್ಯದಲ್ಲಿ ಗಂಡನ ಗಾಯ ಮುಟ್ಟುತ್ತಿದ್ದೆ.

ಗಾಯದ ಕೀವಿನ ಕಲ್ಚರ್ ರಿಪೋರ್ಟ್ ಬಂತು. ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು.

ಕೆಚ್ಚಲುಬಾವಿನ ಹಾಲು ಪರೀಕ್ಷೆಗೆ ಕೊಟ್ಟರೆ ಫಾರಂನ ಲ್ಯಾಬಿನಿಂದಲೂ ಬರುವ ಹೆಸರು ಅದೇ.

ಆಮೇಲಿನ ದಿನಗಳು ನೆನಪಿನಲ್ಲಿ ಮಂಜು ಮಂಜು. ಕಿಟಕಿಯಲ್ಲಿ ಹಾಲುಬಿಳುಪಿನ ಬೆಳಕು, ಸಾಲು ಹಾಸಿಗೆಗಳು, ಹೊದಿಕೆಗಳ ಕೆಳಗೆ ನಿಧಾನ ಏರಿ ಇಳಿಯುವ ಉಸಿರು. ಕೂತಲ್ಲೇ ಕಣ್ಣು ಮುಚ್ಚಿದರೆ ವಾರ್ಡಿನ ತುಂಬ ಕುರಿಗಳು ಮಲಗಿರುತ್ತಿದ್ದವು. ನಾನು ಒಂದರ ಮೇಲಿಂದ ಇನ್ನೊಂದರ ಮೇಲೆ ಕೈ ಇಡುತ್ತಾ ಹೋಗುತ್ತಿದ್ದೆ, ನಿಲ್ಲಿಸಲು ಆಗುತ್ತಿರಲಿಲ್ಲ. ಎಚ್ಚರವಾದರೆ ಡ್ರಿಪ್ ಹನಿಯುತ್ತಿತ್ತು. ಯಾವುದು ಕನಸು, ಯಾವುದು ವಾರ್ಡು ಎಂದು ಸ್ವಲ್ಪ ಹೊತ್ತು ತಿಳಿಯುತ್ತಿರಲಿಲ್ಲ.

ಗಾಯ ತೆರೆದು ತೊಳೆದರು. ಸೋಂಕು ಇಳಿಯದಿದ್ದರೆ ಪ್ಲೇಟ್ ತೆಗೆಯಬೇಕು, ಆಮೇಲೆ ಕಾಲಿನ ಬಗ್ಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಅವರು ಬೀದರ್ ಕಡೆಯವರು, ಈ ತೆಲುಗು ಊರಿನಲ್ಲೂ ನಮ್ಮ ಜೊತೆ ಕನ್ನಡದಲ್ಲೇ ಮಾತು.

“ಬ್ಯಾಂಡೇಜ್ ಯಾರರ ಬಿಚ್ಚಿದ್ರೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಹೇಳಿದರು: “ನಾನ ಬಿಚ್ಚೀನ್ರಿ ಸರ್. ಭಾಳ ತುರಸಾಕತ್ತಿತ್ತು.”

ಸುಳ್ಳು ಹೇಳಲು ಬಾರದ ಮನುಷ್ಯ. ನಾಚಾರಂನ ಕಾರ್ಖಾನೆಗೆ ತಡವಾದರೆ ಟ್ರಾಫಿಕ್ ಅನ್ನದೆ, ನಿದ್ದೆ ಬಂದಿತ್ತು ಎನ್ನುವವರು. ಡಾಕ್ಟರು ನಂಬಿ ಬಾಗಿಲವರೆಗೆ ಹೋದರು. ಸುಮ್ಮನಿದ್ದಿದ್ದರೆ ನಾನು ಪಾರು. ಆದರೆ ಆ ರೋಗಾಣು ನನ್ನ ಮೈಯಲ್ಲೇ ಕೂತಿದ್ದರೆ?

“ಡಾಕ್ಟರ್, ಇವರಲ್ರಿ, ನಾನು. ದಿನಾ ಮುಟ್ಟೀನಿ. ಕುರಿ ಫಾರಂನಾಗ ಕೆಲಸ ಮಾಡ್ತೀನಿ.”

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅವರು ಬೈಯಲಿಲ್ಲ. ನನ್ನ ಮೂಗಿನ ಸ್ವಾಬ್ ತೆಗೆಸಿ ಲ್ಯಾಬಿಗೆ ಕಳಿಸಿದರು.

ಅದರಲ್ಲೂ ಅದೇ ರೋಗಾಣು ಬಂತು.

“ನಿಮ್ಮಿಂದನ ಬಂತು ಅಂತ ಹೇಳಾಕ ಬರಂಗಿಲ್ರಿ. ಭಾಳ ಮಂದಿ ಮೂಗಿನಾಗ ಇರ್ತೈತಿ, ಆಸ್ಪತ್ರಿಯಾಗೂ ಇರ್ತೈತಿ. ಹೇಳಿದ್ದು ಚಲೋ ಆತು,” ಎಂದು ಡಾಕ್ಟರು ನನ್ನ ಮೂಗಿಗೂ ಮುಲಾಮು ಬರೆದುಕೊಟ್ಟರು.

ಪ್ಲೇಟ್ ಉಳಿಯಿತು. ಕಾಲೂ ಉಳಿಯಿತು, ಇವತ್ತಿನ ಮಟ್ಟಿಗೆ. ಮುಂದಿನ ಎಕ್ಸ್‌ರೇ ತನಕ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ.

ಮನೆಗೆ ಬಂದ ಮೇಲೆ ಕೇಳಿದೆ, “ಯಾಕ್ರೀ ಸುಳ್ಳು ಹೇಳಿದ್ರಿ?”

ನಮ್ಮವರು ಚಹಾದ ಲೋಟದಿಂದ ಕಣ್ಣೆತ್ತಲಿಲ್ಲ. “ನೀ ಮುಟ್ಟಿದಾಗಷ್ಟ ನೋವು ಕಡಿಮಿ ಆಗ್ತಿತ್ತು. ಡಾಕ್ಟರ್‌ಗೆ ಗೊತ್ತಾದ್ರ ನಿನ್ನ ಹೊರಗ ಕೂಡಸ್ತಿದ್ರು.”