ಅಕ್ಕನಿಗೆ ಕೇಳದ ನನ್ನ ಮಾತು

ಮರ್ಫಿ ಟೌನಿನ ನಮ್ಮ ಮನೆಯ ಇಂಟರ್ನೆಟ್ ಫೋನಿನಲ್ಲಿ ಆ ಕಡೆಯವರ ಮಾತು ನನಗೆ ಕೇಳುತ್ತಿತ್ತು, ನನ್ನದು ಅವರಿಗೆ ಕೇಳುತ್ತಿರಲಿಲ್ಲ. ಜಗಳವಾಡಿ ಮಾತು ಬಿಟ್ಟಿದ್ದ ನನ್ನ ಅಕ್ಕ ವರ್ಷದ ಮೇಲೆ ಕೆ.ಆರ್. ಪುರದಿಂದ ಫೋನ್ ಮಾಡಿದ್ದು ಆಗಲೇ.

"ಇದ್ದೀಯೇನೇ?" ಎಂದಳು. ಇದ್ದೀನಿ ಎಂದು ಕಿರುಚಿದೆ.

"ಮಾತಾಡಲ್ವಾ? ಇನ್ನೂ ಕೊಬ್ಬು ಇಳಿದಿಲ್ಲ ನಿಂಗೆ," ಎಂದು ಇಟ್ಟುಬಿಟ್ಟಳು. ನಮ್ಮ ತವರಿನವರೆಲ್ಲ ಸಿಟ್ಟು ಬಂದರೆ ಫೋನ್ ಎತ್ತಿ ಸುಮ್ಮನಿರುತ್ತಾರೆ. ಅವಳು ಹಾಗೇ ತಿಳಿದಳು.

ರಿಪೇರಿಯವನು ಬಂದು ರಿಸೀವರ್ ಬದಲಿಸಿದ, ಆದರೂ ನನ್ನ ಮಾತು ಆ ಕಡೆ ಕೇಳಲಿಲ್ಲ. "ರೂಟರೇ ನಿಮ್ಮ ದನಿನ ಆಚೆ ಬಿಡ್ತಿಲ್ಲ ಅಜ್ಜಿ," ಎಂದು ಅದರ ಸೆಟ್ಟಿಂಗ್ ಬದಲಿಸಿದ ಮೇಲೆ ಸರಿಹೋಯಿತು. ಅಕ್ಕ ಮಾತ್ರ ನಾನು ಮಾಡಿದರೆ ಎತ್ತಲಿಲ್ಲ. ಬಸ್ಸು ಹತ್ತಿ ಹೋಗಿ, ಫೋನ್ ಕೆಟ್ಟಿತ್ತು ಎಂದೆ.

"ನನ್ ಮಾತು ಕೇಳ್ತಂತೆ, ನಿನ್ ಮಾತು ಬರ್ಲಿಲ್ವಂತೆ! ಅರ್ಧ ಕೆಡೋ ಫೋನು ಎಲ್ಲಿದ್ಯೇ, ಸುಳ್ಳಿ?" ಎಂದು ಬಾಗಿಲು ಹಾಕಿಕೊಂಡಳು.